ನಾರ್ಕಂಡ ಪ್ರವಾಸ: ಬೆಳಗಿನ ಚಿತ್ರಗಳಿಗೆ ಸಿದ್ಧತೆ

ಸದಸ್ಯರೆಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಹಿಮಾಚಲದ ನಾರ್ಕಂಡಕ್ಕೆ ಬರುವವರು ಗಮನಿಸಿ. ಅಲ್ಲಿ ಆಗ ಸೂರ್ಯೋದಯ ಸುಮಾರು 7.20ಕ್ಕೆ. ನಾವು 6.30ಕ್ಕೇ ಹೊರಡುತ್ತೇವೆ, ಚಹಾ ಫ್ಲಾಸ್ಕಿನಲ್ಲಿ ಜೊತೆಗೆ ಬರುತ್ತದೆ. ಹಿಮ ಹೆಚ್ಚು ಬಿದ್ದರೆ ಹಾಟು ಶಿಖರದ ರಸ್ತೆಯಲ್ಲಿ ವಾಹನ ಹೋಗುವುದಿಲ್ಲ, ನಡೆಯಲು ಸಿದ್ಧರಿರಿ.

ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಬಿಳಿಯನ್ನೂ ಬೂದು ಮಾಡಿಬಿಡುತ್ತದೆ. ಅದರ ಮಾತು ಕೇಳಿದರೆ ಹಿಮವೆಲ್ಲ ಮಾಸಿದ ಪಂಚೆಯಂತೆ ಕಾಣುತ್ತದೆ. ಎಕ್ಸ್‌ಪೋಷರನ್ನು (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) +1ರಿಂದ +1.7ರವರೆಗೆ ಏರಿಸಿ, ಹಿಸ್ಟೋಗ್ರಾಮ್ (ಚಿತ್ರದ ಕಪ್ಪಿನಿಂದ ಬಿಳಿಯವರೆಗಿನ ಹಂಚಿಕೆ ತೋರಿಸುವ ನಕ್ಷೆ) ಬಲತುದಿಗೆ ಒತ್ತದಂತೆ ನೋಡಿಕೊಳ್ಳಿ. ನೆರಳಿನ ನೀಲಿಯನ್ನು ದಯವಿಟ್ಟು ತಿದ್ದಬೇಡಿ. ಅಲ್ಲಿ ಬೀಳುವುದು ಆಕಾಶದ ಬೆಳಕು. ಪೈನ್ ಮತ್ತು ದೇವದಾರುಗಳ ತುದಿಗೆ ಮೊದಲ ಬಿಸಿಲು ತಾಗಿದಾಗ ಆ ಹೊನ್ನಿನ ಬಣ್ಣ ಎದ್ದು ಕಾಣುವುದೇ ಈ ನೀಲಿಯಿಂದ. ಸೂರ್ಯನಿಗೆ ಬೆನ್ನು ಮಾಡಿ ನಿಲ್ಲುವ ಹಳೆಯ ಅಭ್ಯಾಸವನ್ನೂ (ಯಾರೆಂದು ಹೇಳುವುದಿಲ್ಲ) ಬಿಡೋಣ. ಓರೆ ಬೆಳಕಿನಲ್ಲೇ ಹಿಮದ ಹರಳು, ಮರದ ತೊಗಟೆ ಎರಡೂ ಸ್ಪಷ್ಟವಾಗುವುದು.

ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ. ಹೆಚ್ಚುವರಿ ಒಂದನ್ನು ಒಳಜೇಬಿನಲ್ಲಿಡಿ. ಕೋಣೆಗೆ ಬರುವ ಮೊದಲು ಹೊರಗೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಲೆನ್ಸಿನ ಮೇಲೆ ಹನಿ ಕೂರುತ್ತದೆ. ಎಲ್ಲರ ಚಿತ್ರ ಮುಗಿಯುವವರೆಗೆ ಯಾರೂ ಮುಂದಿನ ಹಿಮವನ್ನು ತುಳಿಯಬಾರದು. ಬರುವವರು ಇಲ್ಲೇ ಹೆಸರು ತಿಳಿಸಿ.