ಮಾತ್ರೆಯ ಜೊತೆ ನಾಲ್ಕು ಮಾತೂ ಬೇಕು

ಸಂಪಾದಕರಿಗೆ ನಮಸ್ಕಾರ.

ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ 19 ವರ್ಷ ಕಂಡಕ್ಟರ್ ಆಗಿದ್ದವನು ನಾನು. ಕುಡಿಯುತ್ತಿದ್ದೆ. ಎಷ್ಟು ಅಂತ ಇಲ್ಲಿ ಬರೆಯುವುದು ಬೇಡ, ಊರಿಗೇ ಗೊತ್ತಿದೆ. ಬಿಟ್ಟು ಈಗ ಹದಿನಾಲ್ಕು ತಿಂಗಳು.

ಬಿಡಿಸಲು ವೈದ್ಯರು ಕೊಟ್ಟದ್ದು ಡೈಸಲ್ಫಿರಾಮ್, 250 ಮಿ.ಗ್ರಾಂ, ದಿನಕ್ಕೊಂದು ಮಾತ್ರೆ. ಹೇಳಿದ್ದು ಒಂದೇ ಮಾತು: "ಇದರ ಮೇಲೆ ಕುಡಿಯಬೇಡಿ, ಜೀವಕ್ಕೆ ಅಪಾಯ." ಹೊರಗೆ ಉದ್ದ ಸಾಲು ಇತ್ತು, ಅವರನ್ನು ದೂರುವುದಿಲ್ಲ. ಪೊಟ್ಟಣದೊಳಗಿನ ಕಾಗದವೋ ಪೂರಾ ಇಂಗ್ಲಿಷ್, ಇರುವೆ ಸಾಲಿನಂಥ ಅಕ್ಷರ.

ಒಂಬತ್ತನೇ ದಿನ ಜೋರು ಮಳೆ, ನನಗೆ ಮೈಕೈ ನೋವು. ಅಮ್ಮ ತಾನು ಕುಡಿಯುವ ದಶಮೂಲಾರಿಷ್ಟವನ್ನು ಎರಡು ಮುಚ್ಚಳ ಕೊಟ್ಟರು. ಕಾಲು ಗಂಟೆ ಆಗಿರಬೇಕು. ಮುಖ, ಕಿವಿ ಎಲ್ಲ ಬೆಂಕಿ ಹತ್ತಿದ ಹಾಗೆ. ಎದೆ ಡವಡವ, ವಾಂತಿ, ಕಣ್ಣು ಕತ್ತಲೆ. ಹಾರ್ಟ್ ಅಟ್ಯಾಕೇ ಅಂದುಕೊಂಡೆ. ಹೆಂಡತಿ ಓಡಿ ಬಂದು ನನ್ನ ಬಾಯಿ ಮೂಸಿ ನೋಡಿದಳು. ಏನೂ ಹೇಳದೆ ಒಳಗೆ ಹೋದಳು. ಕುಡಿದಿಲ್ಲ ಮಾರಾಯ್ತಿ ಅಂತ ನಾನು ಬಡಬಡಿಸಿದರೆ ನಂಬುವುದು ಹೇಗೆ? ಇಷ್ಟು ವರ್ಷ ಹೇಳಿದ್ದೂ ಅದೇ ಅಲ್ವಾ!

ಅಳಿಯನ ರಿಕ್ಷಾದಲ್ಲಿ ಬೇರೆ ಆಸ್ಪತ್ರೆಗೆ ಹೋದೆವು. ಅಲ್ಲಿನ ನರ್ಸ್ ಒಬ್ಬರು ನಾನು ಆ ದಿನ ತಿಂದದ್ದು, ಕುಡಿದದ್ದು ಎಲ್ಲ ಕೇಳಿ, ಬಾಟಲಿ ತರಿಸಿ, ಹೆಂಡತಿಯಿಂದಲೇ ಲೇಬಲ್ ಓದಿಸಿದರು. ಅರಿಷ್ಟ, ಆಸವ ಎಲ್ಲ ಹುದುಗಿ ಆಗುವ ಮದ್ದು. ಶೇ 5ರಿಂದ 10ರಷ್ಟು ಆಲ್ಕೋಹಾಲ್ ಅದರಲ್ಲಿ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಕುಡಿದ ಆಲ್ಕೋಹಾಲ್ ಲಿವರಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ, ಆಮೇಲೆ ಕರಗುತ್ತದೆ. ಆ ವಿಷ ಕರಗುವುದನ್ನು ಈ ಮಾತ್ರೆ ತಡೆಯುತ್ತದೆ. ಇದನ್ನೆಲ್ಲ ಅವರು ತುಳುವಿನಲ್ಲೇ ಹೇಳಿದರು. ಹೆಜಮಾಡಿ ಟೋಲ್‌ನಲ್ಲಿ ಗೇಟು ಬಿದ್ದರೆ ಮೂಲ್ಕಿ ತನಕ ಗಾಡಿ ನಿಲ್ಲುತ್ತದಲ್ಲ, ಹಾಗೆ ಅಂತ ನಾನು ಅರ್ಥ ಮಾಡಿಕೊಂಡೆ.

ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್, ಮೌತ್‌ವಾಶ್, ಶೇವ್ ಮಾಡಿ ಹಚ್ಚುವ ಲೋಷನ್ ಕೂಡ ಬೇಡ ಅಂದರು. ಕಳ್ಳು ಹಾಕಿ ಉಬ್ಬಿಸಿದ ಸನ್ನ ತಿನ್ನಬಹುದಾ, ಕೊರಗಜ್ಜನಿಗೆ ಇಟ್ಟ ಕಳ್ಳನ್ನು ಪ್ರಸಾದ ಅಂತ ನಾಲಿಗೆಗೆ ತಾಗಿಸಬಹುದಾ ಎಂದು ಕೇಳಿದೆ. ಅವರು ನಗಲಿಲ್ಲ. ಎರಡೂ ಬೇಡ, ಅಜ್ಜ ಬೇಸರ ಮಾಡಿಕೊಳ್ಳುವುದಿಲ್ಲ ಅಂದರು.

ಮಾತ್ರೆ ಬಿಟ್ಟ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರುತ್ತದಂತೆ. ಭಾವನ ಮಗಳ ಮದುವೆಗೆ ಎರಡು ದಿನ ಮೊದಲು ಮಾತ್ರೆ ನಿಲ್ಲಿಸಿದರೆ ಸಾಕು ಅಂತ ನಾನು ಗುಟ್ಟಾಗಿ ಲೆಕ್ಕ ಹಾಕಿದ್ದೆ!

ಬೇರೆ ಮಾತ್ರೆಗಳೂ ಇವೆ ಎಂದು ಗೊತ್ತಾದದ್ದೂ ಆವತ್ತೇ. ನಾಲ್ಟ್ರೆಕ್ಸೋನ್ ಹೀಗೆ ಹೆದರಿಸುವ ಮದ್ದಲ್ಲ, ಕುಡಿಯುವ ಆಸೆಯನ್ನೇ ತಗ್ಗಿಸುತ್ತದೆ. ಆದರೆ ಟ್ರಮಡಾಲ್‌ನಂಥ ನೋವಿನ ಮಾತ್ರೆ ತಿನ್ನುವವರಿಗೆ ಅದು ಆಗುವುದಿಲ್ಲ. ಅಕಾಂಪ್ರೊಸೇಟ್ ಸಾಮಾನ್ಯವಾಗಿ ದಿನಕ್ಕೆ ಆರು ಮಾತ್ರೆ, ಕಿಡ್ನಿ ಸರಿ ಇರಬೇಕು. ಯಾವುದು ಯಾರಿಗೆ ಅಂತ ವೈದ್ಯರೇ ಹೇಳಬೇಕು, ನನ್ನ ಪತ್ರ ಓದಿ ಯಾರೂ ಅಂಗಡಿಗೆ ಹೋಗಬೇಡಿ.

"ಕುಡುಕರಿಗೆ ತಿಳಿಯದಂತೆ ಕುಡಿತ ಬಿಡಿಸಿ" ಎಂಬ ಚೀಟಿಗಳನ್ನು ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಮೀನು ಸಾರಿಗೆ ಪುಡಿ ಹಾಕು ಅಂತ ನಮ್ಮ ಅತ್ತಿಗೆಯೂ ಹೆಂಡತಿಗೆ ಹೇಳಿದ್ದರಂತೆ. ಗೊತ್ತಿದ್ದು ತಿಂದ ನನಗೇ ಎರಡು ಮುಚ್ಚಳ ಅರಿಷ್ಟದಿಂದ ಆ ಗತಿ. ಆ ಪುಡಿಯಲ್ಲೂ ಇದೇ ಮದ್ದಿದ್ದು, ಗೊತ್ತಿಲ್ಲದವನು ಕ್ವಾರ್ಟರ್ ಏರಿಸಿದರೆ?

ಮಾತ್ರೆ ಬರೆದು ಕೊಡುವಾಗ ಹತ್ತು ನಿಮಿಷ ಕೂರಿಸಿ ಹೇಳಿ. ಹೆಂಡತಿಯನ್ನೋ ತಾಯಿಯನ್ನೋ ಜೊತೆಗೆ ಕೂರಿಸಿ. ತುಳು, ಬ್ಯಾರಿ, ಕೊಂಕಣಿ, ಅವರಿಗೆ ಬರುವ ಮಾತಿನಲ್ಲಿ ಹೇಳಿ. ದೊಡ್ಡ ಅಕ್ಷರದ ಒಂದು ಕನ್ನಡ ಚೀಟಿ ಕೊಡಿ. ಆ ನರ್ಸ್ ಕೈಯಲ್ಲೇ ಬರೆದುಕೊಟ್ಟ ಚೀಟಿ ಈಗಲೂ ನನ್ನ ಕಿಸೆಯಲ್ಲಿದೆ. ಮೊನ್ನೆ ಮೆಡಿಕಲ್‌ನ ಹುಡುಗ ಅದನ್ನು ಓದಿ, ತೆಗೆದ ಸಿರಪ್ಪನ್ನು ಕಪಾಟಿಗೆ ವಾಪಸ್ ಇಟ್ಟು ಬೇರೆ ಕೊಟ್ಟ.

– ಒಬ್ಬ ಮಾಜಿ ಕಂಡಕ್ಟರ್, ಕಾಪು