‘ಹೃದಯಕ್ಕೆ ಹಿತ’ ಎನ್ನುವ ಬಾಟಲಿಯೊಳಗಿನ ಸಕ್ಕರೆ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ನಿಮ್ಮ ಸಾರವರ್ಧಿತ (ಪೋಷಕಾಂಶ ಸೇರಿಸಿದ) ಹಾಲಿನ ಪಾನೀಯದ ದಾರಿ ತಪ್ಪಿಸುವ ಜಾಹೀರಾತು

ಮಾನ್ಯರೆ,

ಗೋಣಿಕೊಪ್ಪದ ಅಂಗಡಿಯಲ್ಲಿ ನಿಮ್ಮದೊಂದು ದೊಡ್ಡ ಪೋಸ್ಟರ್ ಇದೆ. ಕೊಡವರ ಕುಪ್ಯ ಚೇಲೆ (ನಿಲುವಂಗಿ, ಸೊಂಟಪಟ್ಟಿ) ತೊಟ್ಟ ಅಜ್ಜ, ಕೈಯಲ್ಲಿ ನಿಮ್ಮ ಬಾಟಲಿ. ಕೆಳಗೆ ‘ಶುಗರ್, ಬಿಪಿ, ಹೊಟ್ಟೆ ಬೊಜ್ಜು ಇರುವವರ ಹೃದಯಕ್ಕೆ ಹಿತ’ ಎಂಬ ಸಾಲು. (ಚೇಲೆ ಕಟ್ಟಿದ ರೀತಿ ಸರಿಯಿಲ್ಲ, ಅದು ಬೇರೆ ಮಾತು.) ನಮ್ಮ ಯಜಮಾನರು ಆ ಸಾಲು ನಂಬಿ ಮಜ್ಜಿಗೆ ಬಿಟ್ಟು ಇದನ್ನೇ ಕುಡಿಯತೊಡಗಿದರು.

ಅವರಿಗೆ ಮೆಟಬಾಲಿಕ್ ಸಿಂಡ್ರೋಮ್ ಇದೆ ಎಂದು ವೈದ್ಯರು ಹೇಳಿದ್ದಾರೆ. ಸೊಂಟದ ಸುತ್ತಳತೆ, ಬಿಪಿ, ಖಾಲಿಹೊಟ್ಟೆಯ ಶುಗರ್, ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್, ಒಳ್ಳೆ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್, ಈ ಐದರಲ್ಲಿ ಮೂರು ಕೆಟ್ಟರೆ ಆ ಹೆಸರು ಬೀಳುತ್ತದೆ. ನಮ್ಮ ಕಡೆಯ ಗಂಡಸರಿಗೆ ಸೊಂಟ 90 ಸೆಂಟಿಮೀಟರ್ ಮುಟ್ಟಿದರೆ, ಟ್ರೈಗ್ಲಿಸರೈಡ್ 150 ಮುಟ್ಟಿದರೆ ಲೆಕ್ಕಕ್ಕೆ ಬಂತು. ಇವರದು ಎರಡೂ ದಾಟಿದೆ, ಶುಗರ್ ಕೂಡ.

ಈಗ ನಿಮ್ಮ ಲೇಬಲ್ ನೋಡೋಣ. 200 ಮಿಲಿ ಬಾಟಲಿಗೆ ಸೇರಿಸಿದ ಸಕ್ಕರೆ 18 ಗ್ರಾಂ. ಹಾಲಿನಲ್ಲಿ ತಾನಾಗಿಯೇ ಇರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಇದಕ್ಕೆ ಸೇರಿಲ್ಲ. ಇಂಥ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳಗಿನ ಕಾಫಿಯ ಸಕ್ಕರೆ ಇನ್ನೂ ಬಾಕಿ ಇದೆ, ಕಾಫಿ ಬೆಳೆಯುವ ಮನೆಯಲ್ಲಿ ಅದನ್ನು ಬಿಡಿ ಎನ್ನುವ ಧೈರ್ಯ ಯಾರಿಗಿದೆ?

ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ‘ಸಸ್ಯ ಸ್ಟೆರಾಲ್’ ಎಂದಿದೆ, ಕೊಲೆಸ್ಟ್ರಾಲ್ ಇಳಿಸುವ ಸಸ್ಯಮೂಲದ ಅಂಶ ಅದು. ಬಾಟಲಿಗೆ 0.4 ಗ್ರಾಂ. ಕೊಲೆಸ್ಟ್ರಾಲ್ ಇಳಿಯಲು ದಿನಕ್ಕೆ ಸುಮಾರು 2 ಗ್ರಾಂ ಬೇಕು. ಅಂದರೆ ಐದು ಬಾಟಲಿ, ಜೊತೆಗೆ 90 ಗ್ರಾಂ ಸಕ್ಕರೆ! ಅಷ್ಟಾದರೂ ಸ್ಟೆರಾಲ್ ಇಳಿಸುವುದು ಮುಖ್ಯವಾಗಿ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಅನ್ನು. ಮೇಲೆ ಹೇಳಿದ ಐದರಲ್ಲಿ ಎಲ್‌ಡಿಎಲ್ ಇಲ್ಲವೇ ಇಲ್ಲ. ಇವರಲ್ಲಿ ಏರಿರುವ ಟ್ರೈಗ್ಲಿಸರೈಡನ್ನು ಹೆಚ್ಚಿಸುವುದೇ ನೀವು ಸುರಿದಿರುವ ಸಕ್ಕರೆ. ಕೊಲೆಸ್ಟ್ರಾಲ್ ಮಾತ್ರೆ ನುಂಗುವವರು ಇದನ್ನು ವೈದ್ಯರ ಸಲಹೆಯಂತೆ ಬಳಸಬೇಕು ಎಂಬ ಎಚ್ಚರಿಕೆಯನ್ನು ಬಾಟಲಿಯ ಬುಡದಲ್ಲಿ ಭೂತಗನ್ನಡಿಗೆ ಮಾತ್ರ ಕಾಣುವಂತೆ ಅಚ್ಚು ಹಾಕಿದ್ದೀರಿ. ಯಜಮಾನರು ಆ ಮಾತ್ರೆ ತೆಗೆದುಕೊಳ್ಳುತ್ತಾರೆ.

ವಿಟಮಿನ್ ಎ, ಡಿ ಸೇರಿಸಿದ್ದಕ್ಕೆ ನನ್ನ ತಕರಾರಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಊರು ನಮ್ಮದು, ನೀಲಿ ‘ಪ್ಲಸ್ ಎಫ್’ ಗುರುತಿನ ಹಾಲನ್ನೇ ನಾನೂ ತರುತ್ತೇನೆ. ಆದರೆ ಆ ಗುರುತು ಪೋಷಕಾಂಶ ಸೇರಿಸಿದ್ದಕ್ಕೆ ಸಾಕ್ಷಿಯೇ ಹೊರತು ಹೃದ್ರೋಗಕ್ಕೆ ಔಷಧಿ ಎಂಬುದಕ್ಕಲ್ಲ. 2018ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ದಿನಕ್ಕೆ 2000 ಐಯು (ವಿಟಮಿನ್ ಅಳೆಯುವ ಮಾನ) ವಿಟಮಿನ್ ಡಿ ಕೊಟ್ಟರೂ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಸಾರವರ್ಧಿತ ಹಾಲಿನ ನಿಯಮದಂತೆ ಒಂದು ಲೀಟರಿಗೇ 200ರಿಂದ 300 ಐಯು. ನಿಮ್ಮ ಬಾಟಲಿಯಲ್ಲಿರುವುದು 50.

ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿ 21 ದೇಶಗಳ ಅಧ್ಯಯನವೊಂದನ್ನು ಹೇಳಿ ‘ಮೇಡಂ, ಹಾಲು ಹೃದಯಕ್ಕೆ ಒಳ್ಳೆಯದು ಅಂತ ಸಾಬೀತಾಗಿದೆ’ ಎಂದರು. ಆ ಅಧ್ಯಯನ ನನಗೂ ಗೊತ್ತು. ಜನ ದಿನನಿತ್ಯ ತಿನ್ನುವ ಹಾಲು, ಮೊಸರು, ಚೀಸ್‌ಗಳನ್ನು ಬರೆದುಕೊಂಡು ವರ್ಷಗಟ್ಟಲೆ ಗಮನಿಸಿದ್ದು ಅದು. ಯಾರಿಗೂ ನಿಮ್ಮ ಸಿಹಿ ಪಾನೀಯ ಕುಡಿಸಿ ನೋಡಿದ್ದಲ್ಲ. ಸಾದಾ ಮೊಸರಿನ ಒಳ್ಳೆ ಹೆಸರನ್ನು ನಿಮ್ಮ ಬಾಟಲಿಗೆ ಅಂಟಿಸಿಕೊಳ್ಳಬೇಡಿ.

ಆದ್ದರಿಂದ ಶುಗರ್, ಬಿಪಿ, ಬೊಜ್ಜಿನ ಹೆಸರು ಹೇಳುವ ಪೋಸ್ಟರನ್ನು ಕೊಡಗಿನ ಎಲ್ಲ ಅಂಗಡಿಗಳಿಂದ ತೆಗೆಸಿ. ಸೇರಿಸಿದ ಸಕ್ಕರೆಯ ಪ್ರಮಾಣ, ಮಾತ್ರೆಯವರಿಗಿರುವ ಎಚ್ಚರಿಕೆ ಎರಡನ್ನೂ ಮುಂಭಾಗದಲ್ಲಿ ಕನ್ನಡದಲ್ಲಿ ಹಾಕಿ. ನಿಮ್ಮದೇ ಪಾನೀಯದ ಮೇಲೆ ಪರೀಕ್ಷೆ ನಡೆದಿದ್ದರೆ ವರದಿ ಕಳಿಸಿ, ಓದುತ್ತೇನೆ. ಮನೆಯಲ್ಲಿ ಉಳಿದಿರುವ ಬಾಟಲಿಗಳನ್ನು ವಾಪಸ್ ತೆಗೆದುಕೊಂಡು ಹಣ ಕೊಡಿ. 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೂ ಮಡಿಕೇರಿಯ ಗ್ರಾಹಕರ ಆಯೋಗಕ್ಕೂ ಇದೇ ಪತ್ರದ ಪ್ರತಿ ಹೋಗುತ್ತದೆ.

ಇಂತಿ,
ಪೊನ್ನಂಪೇಟೆಯ ಗ್ರಾಹಕಿ

ಲಗತ್ತು: ಬಿಲ್ಲಿನ ಪ್ರತಿ, ಲೇಬಲ್ ಮತ್ತು ಪೋಸ್ಟರಿನ ಫೋಟೊ