ಉತ್ತರಕ್ಕೆ ಅಷ್ಟು ಅವಸರ ಬೇಡ

ಪ್ರಿಯ ತಂಗಿ,

ಗ್ರಹಣದ ಮೇಲಿನ ನಿನ್ನ ಲೇಖನ ಓದಿದೆ. ಜೊತೆಗೊಂದು ಪ್ರಶ್ನೆಯನ್ನೂ ಕೇಳಿದ್ದೀಯ: ನಿಮ್ಮ ವಯಸ್ಸಿನವರೆಲ್ಲ ಈಗಲೂ ‘ಟರ್ನಿಂಗ್ ಪಾಯಿಂಟ್’ ಅಂತ ಕನವರಿಸ್ತೀರಲ್ಲ, ಅದರಲ್ಲಿ ಅಂಥದ್ದೇನಿತ್ತು? ಎರಡನ್ನೂ ಒಟ್ಟಿಗೇ ಮಾತಾಡಿಬಿಡೋಣ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ವಿಜ್ಞಾನ ಕಾರ್ಯಕ್ರಮ ಅದು. ಬೇರೆ ಚಾನೆಲ್ ಇಲ್ಲದ ಕಾಲದ ಮೋಹ ಅಂತ ನೀನು ನಗಬಹುದು, ಸ್ವಲ್ಪ ನಿಜವೇ. ಆದರೆ ಅದೇ ದೂರದರ್ಶನದ ಎಷ್ಟೋ ಕಾರ್ಯಕ್ರಮಗಳ ಹೆಸರೂ ನಮಗೀಗ ನೆನಪಿಲ್ಲ. ‘ಟರ್ನಿಂಗ್ ಪಾಯಿಂಟ್’ ನಡೆಸಿಕೊಡುತ್ತಿದ್ದವರು ನಮ್ಮ ಗಿರೀಶ ಕಾರ್ನಾಡರು (ನಾಟಕದ ಕಾರ್ನಾಡರು ಧಾರವಾಡದಲ್ಲಿ ಓದಿದ್ದು ಗಣಿತ, ಸಂಖ್ಯಾಶಾಸ್ತ್ರ). ನೋಡುಗರು ಬರೆದು ಕಳಿಸಿದ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದವರು ಪ್ರೊ. ಯಶ್ ಪಾಲ್.

ಯಶ್ ಪಾಲ್ ಸಾಮಾನ್ಯದವರಲ್ಲ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳ ಸಂಶೋಧಕರು, ಮುಂದೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅಧ್ಯಕ್ಷರು. 1975-76ರಲ್ಲಿ ಉಪಗ್ರಹದಿಂದ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತಲುಪಿಸಿದ ‘ಸೈಟ್’ ಪ್ರಯೋಗ ನಡೆದಾಗ ಇಸ್ರೋದ ಅಹಮದಾಬಾದ್ ಕೇಂದ್ರಕ್ಕೆ ಅವರೇ ನಿರ್ದೇಶಕರು. ರಾಯಚೂರು, ಗುಲ್ಬರ್ಗ ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಇಂಥವರು ಒಂದು ಮಗುವಿನ ಪ್ರಶ್ನೆಗೂ ತಟ್ಟನೆ ಉತ್ತರ ಒಪ್ಪಿಸಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಪ್ರಶ್ನೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಾ ನಮ್ಮೆದುರೇ ಯೋಚಿಸುತ್ತಿದ್ದರು. ಉತ್ತರಗಳಲ್ಲಿ ಮುಕ್ಕಾಲು ಪಾಲು ನನಗೆ ಮರೆತುಹೋಗಿದೆ. ಅವರು ಯೋಚಿಸುತ್ತಿದ್ದ ರೀತಿ ಮರೆತಿಲ್ಲ.

ನಿನ್ನ ಲೇಖನ ಶುರುವಾಗುವುದೇ ‘ಸೂರ್ಯ ಮತ್ತು ಭೂಮಿಯ ನಡುವೆ ಚಂದ್ರ ಬಂದಾಗ’ ಎಂದು. ತಪ್ಪೇನಿಲ್ಲ, ಆದರೆ ಓದುಗನಿಗೆ ಕೇಳಲು ಇನ್ನೇನೂ ಉಳಿಯಲಿಲ್ಲ. ಅವನನ್ನು ಮೊದಲು ಒಂದು ಹೊಂಗೆಮರದ ಕೆಳಗೆ ನಿಲ್ಲಿಸು. ಎಲೆಗಳ ಸಂದು ಒಂದೊಂದೂ ಒಂದೊಂದು ಆಕಾರ: ಚೂಪು, ಸೊಟ್ಟ, ಸೀಳು. ನೆಲದ ಮೇಲಿನ ಬಿಸಿಲಚುಕ್ಕಿಗಳು ಮಾತ್ರ ಬಹುಪಾಲು ದುಂಡಗೆ. ಯಾಕೆ? ಇಲ್ಲೇ ಒಂದು ಪ್ಯಾರಾ ತಡಿ, ಅವನೂ ತಲೆ ಕೆರೆದುಕೊಳ್ಳಲಿ. ಗ್ರಹಣ ಹಿಡಿದಾಗ ಅದೇ ಚುಕ್ಕಿಗಳು ಕುಡುಗೋಲಿನಂತೆ ಬಾಗುತ್ತವೆ ಅಂತ ಆಮೇಲೆ ಹೇಳು. ನೆಲದ ಮೇಲೆ ಬಿದ್ದಿರುವುದು ಸಂದಿನ ಆಕಾರವಲ್ಲ, ಸೂರ್ಯನ ಬಿಂಬವೇ ಅನ್ನುವುದು ಅವನಿಗೇ ಹೊಳೆಯುತ್ತದೆ.

1980ರ ಫೆಬ್ರುವರಿ 16ರ ಪೂರ್ಣಗ್ರಹಣದ ಬಗ್ಗೆ ನೀನು ಬರೆದೇ ಇಲ್ಲ. ನೆರಳು ಅಂಕೋಲಾದಿಂದ ರಾಯಚೂರಿನವರೆಗೆ ನಮ್ಮ ನಾಡಿನ ಮೇಲೇ ಹಾದುಹೋಯಿತು, ಬಹಳಷ್ಟು ಜನ ಮಾತ್ರ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. 1995ರ ಅಕ್ಟೋಬರ್ 24ರಂದು ದೂರದರ್ಶನ ಗ್ರಹಣವನ್ನು ನೇರವಾಗಿ ತೋರಿಸಿತು, ವಿವರಿಸಲು ಯಶ್ ಪಾಲ್ ಇದ್ದರು. ನಮ್ಮಲ್ಲಿ ಅದು ಪಾರ್ಶ್ವಗ್ರಹಣವಷ್ಟೇ. ಆದರೂ ಗ್ರಹಣ ನೋಡುವ ಕನ್ನಡಕ ಹಿಡಿದು ಅಂಗಳಕ್ಕಿಳಿದವರು ಕಡಿಮೆಯೇನಲ್ಲ. ಎಲ್ಲ ಟಿ.ವಿ.ಯ ಪುಣ್ಯ ಅಂತ ನಾನು ಹೇಳಲಾರೆ, ಪಂಚಾಂಗದ ಭಯವೇನೂ ಹೋಗಿಲ್ಲ. ಆದರೆ ಈ ಎರಡು ಗ್ರಹಣಗಳ ನಡುವಿನ ಹದಿನೈದು ವರ್ಷ ನಿನ್ನ ಲೇಖನದ ಅಸಲು ಕತೆ. ಅದನ್ನು ಬಿಟ್ಟು ರಾಹುಕೇತುಗಳನ್ನು ಗೇಲಿ ಮಾಡಲು ಎರಡು ಪುಟ ಖರ್ಚು ಮಾಡಿದ್ದೀಯ. ಯಶ್ ಪಾಲ್ ಯಾರನ್ನೂ ಗೇಲಿ ಮಾಡಿದ್ದು ನಾನಂತೂ ನೋಡಿಲ್ಲ.

ಆ ಎರಡು ಪುಟ ಕಿತ್ತುಹಾಕು. ಅಂಕೋಲಾ ಕಡೆ 1980ರ ಆ ಮಧ್ಯಾಹ್ನ ಕಂಡವರು ಇನ್ನೂ ಇದ್ದಾರೆ, ಹೋಗಿ ಮಾತಾಡಿಸಿಕೊಂಡು ಬಾ. ಅದಾದ ಮೇಲೆ ಮತ್ತೆ ಬರೆದು ಕಳಿಸು, ಓದುತ್ತೇನೆ.

ಇಂತಿ,
ನಿನ್ನ ಅಣ್ಣ